ಸೀಳಿದ ನೂಲಿನ ತುದಿ

ಕೈಹೊಲಿಗೆಯವರ ನಡುವೆ ಓಡಾಡುವ ಈ ಸಂಗತಿಗೆ ಎರಡು ಪಾಠಗಳಿವೆ. ಒಂದನ್ನು ಗುಂಡಿ ಹಚ್ಚುವವರು ಹೇಳುತ್ತಾರೆ, ಇನ್ನೊಂದನ್ನು ಇಸ್ತ್ರಿಯವರು. ಬಹುಪಾಲು ಎರಡೂ ಒಂದೇ. ಕೊನೆಯಲ್ಲಿ ಮಾತ್ರ ಸಣ್ಣದೊಂದು ವ್ಯತ್ಯಾಸವಿದೆ, ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಅದೊಂದು ಹೊಲಿಗೆಯ ಕಾರ್ಖಾನೆ. ಬಿಳಿ ರೇಷ್ಮೆಯ ಅಂಗಿಯನ್ನು ಬಿಟ್ಟು ಬೇರೇನನ್ನೂ ಅಲ್ಲಿ ಹೊಲಿಯುತ್ತಿರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ಯಂತ್ರಗಳು. ಮೇಲೆ, ಒಂದು ಬದಿಗೆ ಪೂರ್ತಿ ಗಾಜಿದ್ದ ಉದ್ದನೆಯ ಕೋಣೆ. ಕೋಣೆಯಲ್ಲಿ ಆರು ಮೇಜು, ಮೇಜಿಗಿಬ್ಬರಂತೆ ಹನ್ನೆರಡು ಹೆಂಗಸರು. ಯಂತ್ರಕ್ಕೆ ಒಗ್ಗದ ಕೆಲಸವೆಲ್ಲ ಇವರದು: ಗುಂಡಿ ತೂರುವ ಕಾಜಾ, ಕಾಲರಿನ ಒಳಮಡಿಕೆ, ಗುಂಡಿ. ಆ ಕೋಣೆಯಲ್ಲಿ ಕತ್ತರಿ ಇರಲಿಲ್ಲ. ಹಿಂದೊಮ್ಮೆ ಯಾರದೋ ಕತ್ತರಿಯ ಮೊನೆ, ನೂಲು ಕತ್ತರಿಸುವ ಭರದಲ್ಲಿ, ಮುಗಿದ ಅಂಗಿಯ ತೋಳನ್ನು ಸೀಳಿತ್ತಂತೆ. ಅಂದಿನ ಯಜಮಾನಿ ಇದ್ದಬದ್ದ ಕತ್ತರಿಗಳನ್ನೆಲ್ಲ ಕೆಳಗಿನ ಅಂತಸ್ತಿಗೆ ಕಳಿಸಿಬಿಟ್ಟಳು. ಯಜಮಾನಿ ಕಾಲವಾದಳು, ಅವಳ ನಿಯಮ ಉಳಿಯಿತು. ಹೊಲಿಗೆ ಮುಗಿದ ಮೇಲೆ ನೂಲನ್ನು ಬಟ್ಟೆಗೆ ಹತ್ತಿರವಾಗಿ ಹಲ್ಲಿನಿಂದಲೇ ಕಡಿಯಬೇಕು.

ಕಚ್ಚಿದವಳ ಬಾಯಿ ಹೇಗೋ ನೂಲಿನ ತುದಿಯೂ ಹಾಗೆ. ಮೇಲಿನ ಹಲ್ಲುಸಾಲು ಕೆಳಗಿನದನ್ನು ಪೂರ್ತಿ ಮುಚ್ಚಿಕೊಂಡವರು ಇಬ್ಬರಿದ್ದರು. ಅವರ ನೂಲು ಓರೆಯಾಗಿ ತುಂಡಾಗುತ್ತಿತ್ತು. ಕೆಳದವಡೆ ಮುಂದಕ್ಕೆ ಚಾಚಿದ್ದವಳೊಬ್ಬಳ ನೂಲೂ ಓರೆಯೇ, ಆದರೆ ಎದುರು ದಿಕ್ಕಿಗೆ. ಎರಡನೇ ಮೇಜಿನವಳೊಬ್ಬಳಿಗೆ ಬಾಯಿ ಬಿಗಿಯಾಗಿ ಮುಚ್ಚಿದರೂ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ, ನಡುವೆ ಕಿರುಬೆರಳು ತೂರುವಷ್ಟು ಜಾಗ. ಅವಳು ನೂಲನ್ನು ದವಡೆಗೆ ಒಯ್ದು ಅಗಿದೇ ತುಂಡು ಮಾಡಬೇಕಿತ್ತು. ತುದಿ ಒದ್ದೆಯಾಗಿ, ಕುಂಚದಂತೆ ಚಪ್ಪಟೆಯಾಗಿರುತ್ತಿತ್ತು. ‘ಸೂಜಿ’ ಎನ್ನುವಾಗ ಅವಳ ನಾಲಗೆ ಆ ಜಾಗದಿಂದ ಹೊರಗಿಣುಕುತ್ತಿತ್ತು. ಆದ್ದರಿಂದ ಅವಳು ಸೂಜಿ ಬೇಕಾದಾಗ ಕೇಳದೆ ಕೈ ಚಾಚುತ್ತಿದ್ದಳು.

ಆರನೇ ಮೇಜು ಗುಂಡಿಯವರದು. ಅಲ್ಲಿನ ಕಿರಿಯವಳಿಗೆ ಮೇಲಿನ ಎರಡು ಮುಂಹಲ್ಲುಗಳ ನಡುವೆ ಸಂದು. ಕಚ್ಚಿದ ನೂಲು ಆ ಸಂದಿಗೆ ಜಾರಿ ತುದಿಯಲ್ಲಿ ಎರಡೆಳೆಯಾಗಿ ಸೀಳುತ್ತಿತ್ತು. ಎಲ್ಲರೂ ಅವಳನ್ನು ಕಿಟಕಿ ಎಂದು ಕರೆಯುತ್ತಿದ್ದರು, ಅವಳೂ ಆ ಹೆಸರಿಗೆ ಓಗೊಡುತ್ತಿದ್ದಳು. ಹಿರಿಯವಳ ಹಲ್ಲುಗಳು ಅಂಚಿಗೆ ಅಂಚು ಕೂಡುತ್ತಿದ್ದವು. ಟಕ್ಕೆಂದರೆ ನೂಲು ತುಂಡು. ತುದಿ ಬ್ಲೇಡಿನಿಂದ ಕೊಯ್ದಷ್ಟು ನೇರ. ಕತ್ತರಿಯಿಲ್ಲದ ಕೋಣೆಯಲ್ಲಿ ಅವಳ ಹೆಸರೇ ಕತ್ತರಿ. ಇಪ್ಪತ್ತಾರು ವರ್ಷ ಅವಳು ಆ ಮೇಜಿನಲ್ಲಿ ಕೂತಿದ್ದಳು. ಕೆಲಸಕ್ಕೆ ಹೊಸಬರು ಬಂದರೆ, “ಮೊದಲು ಹೋಗಿ ಕತ್ತರಿ ಬಾಯಿ ನೋಡ್ಕೊಂಡು ಬಾ, ಆಮೇಲೆ ಸೂಜಿ ಹಿಡಿ” ಎಂದು ದೊಡ್ಡಕ್ಕ ಕಳಿಸುತ್ತಿದ್ದಳು.

ದೊಡ್ಡಕ್ಕ ಎಂದರೆ ಆ ಕೋಣೆಯ ಮೇಲ್ವಿಚಾರಕಿ. ಯಾವ ಅಂಗಿ ಯಾರ ಕೈಯದೆಂದು ಚೀಟಿ ಹಚ್ಚುವ ಪದ್ಧತಿ ಅಲ್ಲಿರಲಿಲ್ಲ. ದೊಡ್ಡಕ್ಕ ಕೊರಳಿಗೆ ಕಟ್ಟಿಕೊಂಡಿದ್ದ ಭೂತಗನ್ನಡಿಯನ್ನು ನೂಲಿನ ತುದಿಗೆ ಹಿಡಿಯುವಳು, ಆಳು ಯಾರೆಂದು ಹೇಳುವಳು. ಅದುವರೆಗೆ ಒಮ್ಮೆಯೂ ತಪ್ಪಿದ್ದಿಲ್ಲವೆಂದು ಎರಡೂ ಪಾಠಗಳು ಒಪ್ಪುತ್ತವೆ.

ಒಂದು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕತ್ತರಿ ಒಣಗಿದ ರೊಟ್ಟಿಯ ತುಂಡೊಂದನ್ನು ಕಚ್ಚಿದಳು. ಬಾಯೊಳಗೆ ಮರಳು ಸಿಕ್ಕಂತಾಯಿತು. ಕೈಗೆ ಉಗಿದು ನೋಡಿದರೆ ಅದು ಹಲ್ಲಿನ ಚೂರು. ಮೇಲಿನ ಮುಂಹಲ್ಲೊಂದರ ಅಂಚು ಒಡೆದು, ನಡುವೆ ತಲೆಕೆಳಗಾದ V ಆಕಾರದ ಕಚ್ಚು ಬಿದ್ದಿತ್ತು. ಅವಳು ಚೂರನ್ನು ಕರವಸ್ತ್ರದ ತುದಿಗೆ ಗಂಟುಹಾಕಿದಳು. ಯಾರಿಗೂ ಹೇಳಲಿಲ್ಲ. ಅಂದಿನಿಂದ ನಗು ಬಂದರೆ ಬಾಯಿಗೆ ಕೈ ಅಡ್ಡ ಇಡತೊಡಗಿದಳು. ಇಪ್ಪತ್ತಾರು ವರ್ಷ ಹಲ್ಲು ತೋರಿಸಿಯೇ ನಕ್ಕವಳು.

ನೂಲು ಆ ಕಚ್ಚಿನೊಳಕ್ಕೆ ಜಾರಿ ಸೀಳತೊಡಗಿತು. ಎರಡೆಳೆಯಾಗಿ, ಥೇಟ್ ಕಿಟಕಿಯದರಂತೆ.

ದೊಡ್ಡಕ್ಕನ ಭೂತಗನ್ನಡಿಗೆ ಆ ವಾರ ಸೀಳಿದ ತುದಿಗಳೇ ಸಿಕ್ಕವು. ಅವಳು ಆರನೇ ಮೇಜಿಗೆ ಬಂದು, “ಏನೇ ಕಿಟಕಿ, ಈ ವಾರ ಕೈಗೆ ರೆಕ್ಕೆ ಬಂದಿದೆಯಲ್ಲ! ಎಲ್ಲಾ ಅಂಗೀಲೂ ನಿನ್ನದೇ ಗುಂಡಿ” ಎಂದಳು. ಕತ್ತರಿಯ ಕಡೆ ತಿರುಗಿ, “ನೀನೇನು, ಗಾಳಿ ಕಚ್ತಾ ಕೂತಿದ್ದೀಯ?” ಎಂದಳು.

ಕಿಟಕಿಗೆ ತಾನು ಎಂದಿನಷ್ಟೇ ಹೊಲಿದದ್ದು ಗೊತ್ತಿತ್ತು. ಆದರೆ ಹನ್ನೊಂದು ಜನರ ಮುಂದೆ ಬಂದ ಮೆಚ್ಚುಗೆ. “ಏನೋ ಅಕ್ಕ, ಕೈ ಪಳಗಿತು” ಎಂದು ಹೇಳಿಕೊಂಡಳು. ಕತ್ತರಿ ಗುಂಡಿಯ ಡಬ್ಬದೊಳಗೆ ಕಣ್ಣಿಟ್ಟು ಏನನ್ನೋ ಹುಡುಕಿದಳು. ಕಿಟಕಿಯ ಆ ಒಂದು ಮಾತಿನಿಂದ ಮುಂದಿನದೆಲ್ಲ ಆಯಿತೆಂದು ಗುಂಡಿಯವರು ಇಂದಿಗೂ ಹೇಳುತ್ತಾರೆ.

ಮರುವಾರದ ಗುರುವಾರ ಒಂದು ಅಂಗಿ ಗಿರಾಕಿಯಿಂದ ಮರಳಿ ಬಂತು. ಮೂರನೇ ಗುಂಡಿಯ ಪಕ್ಕದಲ್ಲಿ ಸಾಸಿವೆಯಷ್ಟು ಕಂದು ಕಲೆ. ರಕ್ತ. ಒಡೆದ ಹಲ್ಲಿನ ಅಂಚು ಕತ್ತರಿಯ ನಾಲಗೆಯ ತುದಿಯನ್ನು ಗೀರಿತ್ತು. ನೂಲು ಕಚ್ಚಲು ಬಾಗಿದಾಗ ಅದು ರೇಷ್ಮೆಗೆ ತಾಗಿತ್ತು. ಕಲೆಯ ಬುಡದಲ್ಲೇ ನೂಲಿನ ತುದಿ, ಎರಡೆಳೆಯಾಗಿ ಸೀಳಿದ್ದು.

ದೊಡ್ಡಕ್ಕ ಅಂಗಿಯನ್ನು ಗಾಜಿನ ಬೆಳಕಿಗೆ ಹಿಡಿದು ಒಂದೇ ನೋಟ ನೋಡಿದಳು.

“ಕಿಟಕಿ. ಎದ್ದು ಬಾ.”

“ನಂದಲ್ಲ ದೊಡ್ಡಕ್ಕ. ನನ್ನ ಬಾಯಲ್ಲಿ ಗಾಯಾನೇ ಇಲ್ಲ, ನೋಡಿ ಬೇಕಾದ್ರೆ.”

“ಗಾಯ ಎರಡು ದಿನಕ್ಕೆ ಮಾಯುತ್ತೆ. ನೂಲು ಮಾಯುತ್ತಾ? ಇದ್ಯಾರ ತುದಿ, ನೀನೇ ಹೇಳು.”

ಕಿಟಕಿ ಭೂತಗನ್ನಡಿಯಲ್ಲಿ ನೋಡಿದಳು. ತುದಿ ತನ್ನದೇ ಎಂದು ಅವಳಿಗೂ ಅನಿಸಿತು. “ನನ್ನದರ ಹಾಗೇ ಇದೆ. ಆದ್ರೆ ಆ ವಾರ ನಾನು ಅಷ್ಟೊಂದು ಅಂಗಿ…”

“ಕೈ ಪಳಗಿತು ಅಂದವಳು ಯಾರು? ಹೊಗಳಿದಾಗ ನಿಂದು, ಕಲೆ ಬಿದ್ದಾಗ ಬೇರೆಯವರದಾ?”

ಅಂಗಿಗೆ ಕಲೆ ಹಚ್ಚಿದವರಿಗೆ ಅಲ್ಲಿ ಒಂದೇ ಶಿಕ್ಷೆ: ಸೂಜಿ ಕೆಳಗಿಟ್ಟು ಇಸ್ತ್ರಿಕೋಣೆಗೆ ಹೋಗಬೇಕು. ಸೋಮವಾರದಿಂದ ಎಂದು ದೊಡ್ಡಕ್ಕ ಹೇಳಿದಳು. ಇಸ್ತ್ರಿಕೋಣೆಯಲ್ಲಿ ಕುರ್ಚಿಯಿಲ್ಲ, ಎಂಟು ಗಂಟೆ ಹಬೆಯ ನಡುವೆ ನಿಂತಿರಬೇಕು. ಕಿಟಕಿಯ ಎಡಮಂಡಿ ಅರ್ಧ ಗಂಟೆ ನಿಂತರೆ ಊದಿಕೊಳ್ಳುತ್ತಿತ್ತು. ಅವಳಿಗೆ ಅದು ಶಿಕ್ಷೆಯಲ್ಲ, ಕೆಲಸ ಬಿಡು ಎಂದು ಹೇಳಿದಂತೆಯೇ. ಇದು ಗೊತ್ತಿಲ್ಲದವರು ಕೋಣೆಯಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಕೂತ ಕತ್ತರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು; ಆ ಮಂಡಿಗೆ ಎಣ್ಣೆ ತಿಕ್ಕಿಕೊಟ್ಟವಳು ಅವಳೇ.

ಕತ್ತರಿ ಅಂದು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲವೆಂದು ಈ ಕಥೆ ಹೇಳುವವರನ್ನು ಕೇಳಿದೆ. “ಬಾಯಿ ತೆಗೆದಿದ್ರೆ ಹಲ್ಲು ಕಾಣ್ತಿತ್ತಲ್ಲ” ಎಂದರು.

ಅವಳ ಮಗಳು ದಂತವೈದ್ಯರೊಬ್ಬರ ಬಳಿ ಸಹಾಯಕಿ. ರೋಗಿಗಳ ಹಲ್ಲಿನ ಅಚ್ಚು ತೆಗೆದು, ಅದಕ್ಕೆ ಪ್ಲಾಸ್ಟರ್ ಸುರಿದು, ಬಾಯಿಗಳ ಪ್ರತಿಮೆ ಮಾಡುವುದು ಅವಳ ಕೆಲಸ. ದಿನಕ್ಕೆ ಹತ್ತು ಬಾಯಿ ನೋಡುವವಳ ಕಣ್ಣಿಗೆ ತಾಯಿ ರೊಟ್ಟಿಯನ್ನು ಬಾಯಿಯ ಬದಿಗೆ ಒಯ್ಯುವುದು ಹಲ್ಲೊಡೆದ ಮೂರನೇ ದಿನವೇ ಬಿದ್ದಿತ್ತು. ತಾಯಿಗೆ ಬೆಳಗ್ಗೆ ಎದ್ದಾಗ ಕೆನ್ನೆ ನೋಯುವುದು, ಆಕಳಿಸಿದರೆ ಕಿವಿಯ ಮುಂದೆ ಕಟ್ಟೆಂದು ಸದ್ದಾಗುವುದು ಹಳೆಯ ಸಂಗತಿ. ಹೊಲಿಗೆಯ ದಣಿವೆಂದು ಇಬ್ಬರೂ ಬಿಟ್ಟಿದ್ದರು.

“ಅಮ್ಮ, ಬಾಯಿ ತೆಗಿ.”

“ನಿನ್ನ ಡಾಕ್ಟರಿಕೇನ ಕ್ಲಿನಿಕ್‌ನಲ್ಲೇ ಬಿಟ್ಟು ಬಾ. ಇಲ್ಲಿ ನಾನು ನಿನ್ನಮ್ಮ.”

“ಅಮ್ಮ ಅಂತಾನೇ ಪುಕ್ಕಟೆ ನೋಡ್ತಿರೋದು. ತೆಗಿ.”

ಕತ್ತರಿ ತೆಗೆಯಲಿಲ್ಲ. ಶನಿವಾರ ಮಗಳು ಜಗಳವಾಡಿ ಅವಳನ್ನು ಕ್ಲಿನಿಕ್ಕಿಗೆ ಎಳೆದೊಯ್ದಳು. ತಾನೇ ಅಚ್ಚು ತೆಗೆದಳು, ತಾನೇ ಪ್ಲಾಸ್ಟರ್ ಸುರಿದಳು. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಡಾಕ್ಟರು ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಕೈಯಲ್ಲಿ ಹಿಡಿದು ಒಂದಕ್ಕೊಂದು ಕೂಡಿಸಿ ತೋರಿಸಿದರು.

“ನೋಡಿ ಅಮ್ಮ, ಮೇಲಿನ ಹಲ್ಲು ಕೆಳಗಿನದನ್ನ ಸ್ವಲ್ಪ ಮುಚ್ಚಿರಬೇಕು, ಡಬ್ಬಕ್ಕೆ ಮುಚ್ಚಳ ಕೂತ ಹಾಗೆ. ನಿಮ್ಮದು ಅಂಚಿಗೆ ಅಂಚು ಬಡೀತಿದೆ. ಹೀಗಿದ್ರೆ ತುದಿ ಸವೀತಾ ಹೋಗುತ್ತೆ, ಒಂದು ದಿನ ಒಡೆಯುತ್ತೆ. ದವಡೆ ಸದ್ದು, ಕೆನ್ನೆ ನೋವು, ಅದಕ್ಕೂ ಇದೇ ಕಾರಣ ಇರಬಹುದು.”

“ಸ್ವಾಮಿ, ನನ್ನ ಹಲ್ಲು ನೋಡಿ ಕಲೀಲಿ ಅಂತ ಹೊಸಬರನ್ನ ಕಳಿಸ್ತಾರೆ ಗೊತ್ತಾ?”

“ಹೊಸಬರನ್ನ ನಾನೂ ಕಳಿಸ್ತೀನಿ. ಹಲ್ಲು ಹೀಗೆ ಕೂಡಬಾರದು ಅಂತ ಕಲಿಯೋದಕ್ಕೆ.”

ಮಗಳು ನಕ್ಕಳು. ಕತ್ತರಿ ಆ ಬಿಳಿಯ ಹಲ್ಲುಗಳನ್ನು ಬಹಳ ಹೊತ್ತು ನೋಡಿದಳಂತೆ. ಇಪ್ಪತ್ತಾರು ವರ್ಷ ಹೊಗಳಿಸಿಕೊಂಡದ್ದು ಡಾಕ್ಟರರ ಅಂಗೈಯಲ್ಲಿ ಒಂದು ದೋಷವಾಗಿ ಕೂತಿತ್ತು. “ನಮ್ಮಮ್ಮನಿಗೂ ಹೀಗೇ ಇತ್ತು” ಎಂದಳು ಕೊನೆಗೆ.

“ಹಾಗಾದ್ರೆ ಅವರಿಂದಲೇ ಬಂದಿರಬೇಕು. ಪೂರ್ತಿ ಸರಿ ಮಾಡೋದು ದೊಡ್ಡ ಕೆಲಸ, ನಿಧಾನಕ್ಕೆ ನೋಡೋಣ. ಒಡೆದಿದ್ದನ್ನ ಈಗಲೇ ತುಂಬಿಬಿಡ್ತೀನಿ. ಮುಕ್ಕಾಲು ಗಂಟೆ.”

“ತುಂಬಿದ್ರೆ ಗೊತ್ತಾಗುತ್ತಾ?”

ಉತ್ತರಿಸಿದವಳು ಮಗಳು. “ಮೂಗಿಗೆ ಮೂಗು ತಾಗೋ ಹಾಗೆ ನಿಂತು ನೋಡಿದ್ರೂ ಗೊತ್ತಾಗಲ್ಲಮ್ಮ. ಒಡೆದೇ ಇರಲಿಲ್ಲ ಅನ್ನೋ ಹಾಗಿರುತ್ತೆ.”

“ನೂಲು ಕಚ್ಚಬಹುದಾ?”

“ಕಚ್ಚಬಾರದು” ಎಂದರು ಡಾಕ್ಟರು. “ಕಚ್ಚಿದ್ರೆ ಕೆಲವು ತಿಂಗಳು ಬರಬಹುದು, ಅಷ್ಟೆ.”

ಕೆಲವು ತಿಂಗಳು ಸಾಕಿತ್ತು. ಸೋಮವಾರ ಅವಳ ನೂಲು ಮತ್ತೆ ನೇರವಾಗಿ ತುಂಡಾಗುತ್ತದೆ. ಕಿಟಕಿ ಇಸ್ತ್ರಿಕೋಣೆಗೆ ಇಳಿಯುತ್ತಾಳೆ, ಸೀಳಿದ ತುದಿಗಳು ನಿಲ್ಲುತ್ತವೆ, ದೊಡ್ಡಕ್ಕನ ಓದು ಮತ್ತೊಮ್ಮೆ ನಿಜವಾಗುತ್ತದೆ. ಯಾರೂ ಏನನ್ನೂ ಕೇಳುವುದಿಲ್ಲ. ಕತ್ತರಿ ರೋಗಿಯ ಕುರ್ಚಿಯಲ್ಲಿ ಒರಗಿದಳು. ಡಾಕ್ಟರು ದೀಪವನ್ನು ಅವಳ ಬಾಯಿಯ ಮೇಲಕ್ಕೆ ಎಳೆದುಕೊಂಡರು. ಅವಳು ಕೈ ಎತ್ತಿ ತಡೆದಳು.

“ಸೋಮವಾರ ಸಂಜೆ ಬರ್ತೀನಿ.”

“ಯಾಕಮ್ಮ, ಇವತ್ತೇ ಕೂತಿದ್ದೀಯಲ್ಲ!” ಎಂದಳು ಮಗಳು.

“ಒಡೆದೇ ಇರಲಿಲ್ಲ ಅನ್ನೋ ಹಾಗಿರುತ್ತೆ ಅಂದ್ಯಲ್ಲ. ಅದಕ್ಕೇ.”

ಮನೆಗೆ ನಡೆಯುವಾಗ ದಾರಿಯಲ್ಲಿ ಅವಳು ಮಗಳಿಗೆ ಎಲ್ಲವನ್ನೂ ಹೇಳಿದಳು. ಮಗಳು, “ಗುರುವಾರದಿಂದ ಇವತ್ತಿನವರೆಗೂ ಅವಳ ಪಕ್ಕದಲ್ಲೇ ಕೂತಿದ್ಯಾ?” ಎಂದಷ್ಟೇ ಕೇಳಿದಳು.

ಸೋಮವಾರ ಬೆಳಗ್ಗೆ ಕಿಟಕಿ ತನ್ನ ಸೂಜಿಡಬ್ಬಿಯನ್ನು ಒಯ್ಯಲು ಮೇಲೆ ಬಂದಿದ್ದಳು. ಕತ್ತರಿ ಅವಳ ಕೈಗೆ ಒಂದು ತುಂಡು ರೇಷ್ಮೆ ಕೊಟ್ಟು, “ಹೋಗೋ ಮುಂಚೆ ಇದಕ್ಕೊಂದು ಗುಂಡಿ ಹಚ್ಚು” ಎಂದಳು. ಕಿಟಕಿ ಮುಖ ಗಂಟಿಕ್ಕಿಕೊಂಡೇ ಹಚ್ಚಿದಳು, ನೂಲು ಕಚ್ಚಿದಳು. ಅದರ ಪಕ್ಕದಲ್ಲಿ ಕತ್ತರಿ ಇನ್ನೊಂದು ಗುಂಡಿ ಹಚ್ಚಿ, ಕಚ್ಚಿ, ಬಟ್ಟೆಯನ್ನು ದೊಡ್ಡಕ್ಕನ ಮುಂದಿಟ್ಟಳು.

“ದೊಡ್ಡಕ್ಕ, ಇದನ್ನ ಓದಿ.”

ದೊಡ್ಡಕ್ಕ ಭೂತಗನ್ನಡಿ ಹಿಡಿದಳು. “ಇದರಲ್ಲಿ ಓದೋದೇನಿದೆ? ಎರಡೂ ಕಿಟಕಿದು.”

“ಒಂದು ನಂದು.”

“ಬೆಳಬೆಳಗ್ಗೆ ತಮಾಷೆ ಮಾಡ್ಬೇಡ. ಯಾವುದು ನಿಂದು?”

“ಅದನ್ನ ನೀವೇ ಹೇಳ್ಬೇಕಲ್ವಾ ಅಕ್ಕ?”

ದೊಡ್ಡಕ್ಕ ಬಟ್ಟೆಯನ್ನು ಗಾಜಿನ ಬಳಿಗೆ ಒಯ್ದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಹನ್ನೆರಡು ಹೆಂಗಸರಲ್ಲಿ ಒಬ್ಬಳೂ ಸೂಜಿ ಆಡಿಸುತ್ತಿರಲಿಲ್ಲ. ಕೊನೆಗೆ ದೊಡ್ಡಕ್ಕ ತಿರುಗಿದಾಗ ಕತ್ತರಿ ಬಾಯಿಗೆ ಅಡ್ಡವಿಟ್ಟಿದ್ದ ಕೈಯನ್ನು ತೆಗೆದು, ಮೇಲಿನ ತುಟಿಯನ್ನು ಬೆರಳಿನಿಂದ ಎತ್ತಿ ಹಿಡಿದಳು.

“ಎರಡು ವಾರ ಆಯ್ತು ಒಡೆದು. ಕಲೆ ನಂದು. ಅವಳ ಕೈಗೆ ರೆಕ್ಕೆ ಬಂದಿದೆ ಅಂದ್ರಲ್ಲ, ಆ ರೆಕ್ಕೇನೂ ನಂದೇ.”

ಎರಡನೇ ಮೇಜಿನವಳಿಗೆ ನಗು ತಡೆಯಲಾಗಲಿಲ್ಲ. ಕಿಟಕಿ ನಗಲಿಲ್ಲ. ಅವಳು ಸೂಜಿಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ನಾಲ್ಕು ದಿನ ಅಕ್ಕ! ನಾಲ್ಕು ದಿನ ಅನ್ನ ಇಳಿದಿಲ್ಲ ನನಗೆ. ಕನ್ನಡಿ ಮುಂದೆ ನಿಂತು ನನ್ನ ಬಾಯಿ ನಾನೇ ಹುಡುಕಿದ್ದೀನಿ, ಗಾಯ ಎಲ್ಲಿದೆ ಅಂತ. ನೀನು ಪಕ್ಕದಲ್ಲಿ ಕೂತು ಗುಂಡಿ ಎಣಿಸ್ತಿದ್ದೆ.”

“ಹೌದು.”

“ಹೌದು ಅಂತೆ! ನನ್ನ ಮಂಡಿಗೆ ಎಣ್ಣೆ ತಿಕ್ಕಿದ ಕೈಗೆ ಇಷ್ಟು ಧೈರ್ಯ ಎಲ್ಲಿಂದ ಬಂತು?”

ದೊಡ್ಡಕ್ಕ ನಡುವೆ ಬಂದು, ಕಲೆ ಹಚ್ಚಿದವರು ಇಸ್ತ್ರಿಕೋಣೆಗೆ, ಯಾರ ಬಾಯಿಯೇ ಆಗಲಿ, ಎಂದಳು. ಸ್ವರ ಎಂದಿನಷ್ಟೇ ಗಟ್ಟಿಯಾಗಿತ್ತು. ಭೂತಗನ್ನಡಿ ಹಿಡಿದ ಕೈ ಮಾತ್ರ ಎಲ್ಲಿ ಇಳಿಯಬೇಕೆಂದು ತಿಳಿಯದೆ ಎದೆಯ ಮುಂದೆಯೇ ನಿಂತಿತ್ತು. ಕತ್ತರಿ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದಳು. ಕಿಟಕಿ ತನ್ನ ಕುರ್ಚಿಯಲ್ಲಿ ಕೂತಳು. ಬಾಗಿಲವರೆಗೂ ಒಬ್ಬಳು ಇನ್ನೊಬ್ಬಳನ್ನು ನೋಡಲಿಲ್ಲ.

ಅಂದು ಸಂಜೆ ಡಾಕ್ಟರು ಹಲ್ಲು ತುಂಬಿದರು. ಮಗಳು ಹೇಳಿದ್ದು ನಿಜ, ಒಡೆದೇ ಇರಲಿಲ್ಲ ಎನ್ನುವಂತಿತ್ತು.

ಅದೇ ವಾರ ಮಗಳು ಕಾರ್ಖಾನೆಗೆ ಬಂದು ದೊಡ್ಡಕ್ಕನ ಮೇಜಿನ ಮೇಲೆ ಒಂದು ಪುಟ್ಟ ಕತ್ತರಿ ಇಟ್ಟಳು. ಗಾಯದ ಪಟ್ಟಿ ಬಿಚ್ಚುವಂಥದ್ದು. ಚರ್ಮಕ್ಕೆ ನಾಟದಿರಲೆಂದು ಅದರ ತುದಿ ಮೊಂಡಾಗಿ, ಗುಂಡಗಿರುತ್ತದೆ. “ನಿಮ್ಮ ಜಗಳ ಇರೋದು ಮೊನೆ ಜೊತೆ ಅಲ್ವಾ ದೊಡ್ಡಮ್ಮ? ಇದಕ್ಕೆ ಮೊನೇನೇ ಇಲ್ಲ” ಎಂದಳು. ದೊಡ್ಡಕ್ಕ ಅದರ ತುದಿಯನ್ನು ತನ್ನದೇ ತೋಳಿನ ಬಟ್ಟೆಗೆ ಮೂರು ಬಾರಿ ಬಲವಾಗಿ ಚುಚ್ಚಿ ನೋಡಿದಳು. ಮೂರು ಬಾರಿಯೂ ಜಾರಿತು. ಒಂದು ತಿಂಗಳೊಳಗೆ ಆರು ಮೇಜಿಗೂ ಅಂಥದೊಂದು ಕತ್ತರಿ ಬಂತು, ಮೇಜಿನ ಕಾಲಿಗೆ ಪಟ್ಟಿಯಿಂದ ಕಟ್ಟಿಹಾಕಲಾಯಿತು. ಎರಡನೇ ಮೇಜಿನವಳು ಅದನ್ನು ಮೊದಲ ಸಲ ಹಿಡಿದಾಗ ಸುಮ್ಮನೆ ಹತ್ತು ತುಂಡು ನೂಲು ಕತ್ತರಿಸಿ ಸಾಲಾಗಿ ಇಟ್ಟಳಂತೆ. ಹತ್ತೂ ನೇರ, ಹತ್ತೂ ಒಣ.

ಇಸ್ತ್ರಿಕೋಣೆಗೆ ಗುಂಡಿ ಹಚ್ಚಿದ ಅಂಗಿಗಳನ್ನು ಇಳಿಸಿಕೊಡುವುದು ಕಿಟಕಿಯ ಕೆಲಸವಾಯಿತು. ಮೊದಲ ಮೂರು ವಾರ ಅವಳು ಗಂಟನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು. ನಾಲ್ಕನೆಯ ವಾರ ಒಳಗೆ ಬಂದಳು.

“ಮೂರನೇ ಗುಂಡಿ ಹತ್ರ ನೋಡ್ಕೊಂಡು ಇಸ್ತ್ರಿ ಹಾಕು. ಅಲ್ಲಿ ಕಲೆ ಬೀಳೋ ಅಭ್ಯಾಸ ಇದೆ.”

“ಈಗ ಬಿದ್ರೆ ನಿಂದೇ” ಎಂದಳು ಕತ್ತರಿ, ಇಸ್ತ್ರಿಪೆಟ್ಟಿಗೆ ಎತ್ತದೆ. ಕಿಟಕಿ ಹೊರಡದೆ ಬಾಗಿಲಿಗೊರಗಿ ಸ್ವಲ್ಪ ಹೊತ್ತು ನಿಂತಳು. ಮಂಡಿ ಹೇಗಿದೆ ಎಂದು ಕತ್ತರಿ ಕೇಳಿದಳು. ಇದೆ ಎಂದಳು ಕಿಟಕಿ.

ಎರಡು ಪಾಠಗಳು ಬೇರೆಯಾಗುವುದು ಇಲ್ಲಿ. ವರ್ಷದ ಕೊನೆಗೆ ಕತ್ತರಿಯನ್ನು ಮತ್ತೆ ಆರನೇ ಮೇಜಿಗೆ ಕರೆಸಿದರೆಂದು ಗುಂಡಿಯವರ ಪಾಠ. ಕರೆದರೂ ಹೋಗಲಿಲ್ಲ, ಬಗ್ಗಿ ಕೂರದೆ ನಿಂತು ಮಾಡುವ ಕೆಲಸದಲ್ಲಿ ಕೆನ್ನೆಯ ನೋವು ಕಡಿಮೆಯಾಗಿತ್ತು ಎಂದು ಇಸ್ತ್ರಿಯವರ ಪಾಠ. ಯಾವುದು ಸರಿಯೋ ನಿರ್ಧರಿಸಲು ನನಗೆ ಸಾಧ್ಯವಾಗಿಲ್ಲ. ಪ್ಲಾಸ್ಟರಿನ ಹಲ್ಲುಸಾಲನ್ನು ಮಾತ್ರ ಮಗಳ ಮನೆಯಲ್ಲಿ ಕಂಡಿದ್ದೇನೆ. ಮೇಲಿನ ಸಾಲಿನ ಕಚ್ಚು ಹಾಗೇ ಇದೆ. ದಾರದ ಉಂಡೆ ಉರುಳಿಹೋಗದಂತೆ ಅದರ ತುದಿಯನ್ನು ಆ ಕಚ್ಚಿಗೆ ಸಿಕ್ಕಿಸಿಡುತ್ತಾರೆ.

ಮೇಲಿನ ಕೋಣೆಯ ಬಗ್ಗೆ ಎರಡೂ ಪಾಠಗಳು ಒಪ್ಪುವ ಮಾತು ಒಂದಿದೆ. ಕತ್ತರಿಗಳು ಬಂದ ಮೇಲೆ ನೂಲಿನ ತುದಿಗಳೆಲ್ಲ ಒಂದೇ ಆದವು. ಒಂದು ದಿನ ಸಡಿಲ ಗುಂಡಿಯ ಅಂಗಿಯೊಂದು ದೊಡ್ಡಕ್ಕನ ಕೈಗೆ ಬಂತು. ಅಭ್ಯಾಸದಂತೆ ಭೂತಗನ್ನಡಿ ಎತ್ತಿದಳು, ಇಳಿಸಿದಳು. ಅಂಗಿಯನ್ನು ಎಲ್ಲರಿಗೂ ಕಾಣುವಂತೆ ಮೇಲೆ ಹಿಡಿದಳು.

“ಇದು ಯಾರದು?”

ಆ ಕೋಣೆಯಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಯಾರೂ ತಲೆಯೆತ್ತಲಿಲ್ಲ. ಆರನೇ ಮೇಜಿನಿಂದ ಕುರ್ಚಿ ಸರಿದ ಸದ್ದಾಯಿತು.

“ನಂದು ದೊಡ್ಡಕ್ಕ” ಎಂದಳು ಕಿಟಕಿ. “ಕೊಡಿ, ಬಿಗಿ ಮಾಡ್ತೀನಿ.”